ಕ್ರಿಸ್‌ಮಸ್ ಕಾರ್ಡಿನಲ್ಲಿ ಕೊಟ್ಟ ನೋಟಿಸು

ನಮ್ಮ ಬೀದಿಯ ಇತಿಹಾಸವನ್ನು ಮುಂದೆ ಯಾರಾದರೂ ಬರೆಯುವುದಾದರೆ ಅದನ್ನು ಎರಡು ಸಂಪುಟಗಳಲ್ಲಿ ತರಬೇಕಾಗುತ್ತದೆ. ಜ್ಯಾನಿಸ್ ಆಕ್ರಾಯ್ಡ್ ಮನೆಯ ಮುಂದಿನ ಹಲಗೆ ಎಡಕ್ಕೆ ವಾಲುವ ಮುಂಚಿನದು ಒಂದು, ವಾಲಿದ ಮೇಲಿನದು ಇನ್ನೊಂದು. ರಾಜರು ಸತ್ತಿದ್ದಾರೆ, ಉಣ್ಣೆಯ ಗಿರಣಿಗಳು ಮುಚ್ಚಿವೆ, ನದಿ ಎರಡು ಸಲ ಅಂಚೆ ಕಚೇರಿಯೊಳಗೆ ಬಂದು ಹೋಗಿದೆ. ಇವು ಯಾವುದಕ್ಕೂ ಪ್ರಾವಿಡೆನ್ಸ್ ಬೀದಿಯ ಜನ ಕಿಟಕಿಯ ಪರದೆ ಸರಿಸಿ ಅಷ್ಟು ಹೊತ್ತು ನಿಂತಿದ್ದಿಲ್ಲ.

ಹಲಗೆಯ ಮೇಲೆ ‘ಮಾರಾಟಕ್ಕಿದೆ: ಥ್ವೇಟ್ ಮತ್ತು ಮಗ’ ಎಂದಿತ್ತು. ಜೂನ್‌ನಲ್ಲಿ ನೆಟ್ಟಾಗ ಅರಮನೆಯ ಕಾವಲುಗಾರನಂತೆ ನೆಟ್ಟಗೆ ನಿಂತಿತ್ತು. ಅಕ್ಟೋಬರಿನ ಗಾಳಿಗೆ ವಾಲಿತು. ಮನೆ ಮಾರಿಹೋಗುತ್ತಿಲ್ಲ ಎಂಬುದು ನಮಗೆಲ್ಲ ಮುಂಚೆಯೇ ಗೊತ್ತಿತ್ತು. ಆದರೆ ಹಲಗೆ ಅದನ್ನು ಬಾಯಿಬಿಟ್ಟು ಹೇಳಿದಂತಾಯಿತು. ಯಾರ್ಕ್‌ಶೈರಿನ ನಮ್ಮ ಕ್ರಿಂಬಲ್‌ಡೇಲ್‌ನಲ್ಲಿ ಬಾಯಿಬಿಟ್ಟು ಹೇಳುವುದೆಂದರೆ ಬಟ್ಟೆಯಿಲ್ಲದೆ ಬಸ್ಸು ಹತ್ತಿದ ಹಾಗೆ.

ಮಾರನೆಯ ದಿನ ಏಜೆಂಟ್ ಡಾಮಿನಿಕ್ ಥ್ವೇಟ್ ಮರದ ಸುತ್ತಿಗೆ ಹಿಡಿದು ಬಂದ. ಹಲಗೆಯ ಮೇಲಿದ್ದ ‘ಮಗ’ ಅವನೇ. ‘ಥ್ವೇಟ್’ ತೀರಿಕೊಂಡು ವರ್ಷಗಳಾಗಿದ್ದವು. ಮೂವತ್ತೈದರ ಆಸುಪಾಸಿನ, ಒದ್ದೆ ಕುರಿಯಂಥ ಮೃದು ಮುಖದ ಮನುಷ್ಯ. ಅವನು ಹಲಗೆಯನ್ನು ಹೊಡೆಯುವ ಮುಂಚೆ ಜ್ಯಾನಿಸ್‌ಳ ಕ್ಷಮೆ ಕೇಳಿದ. ಹೊಡೆದ ಮೇಲೆ ಸದ್ದಾಯಿತೆಂದು ಬೀದಿಯ ಕ್ಷಮೆ ಕೇಳಿದ. ಹಲಗೆ ಈಗ ಬಲಕ್ಕೆ ವಾಲಿತು. ಜ್ಯಾನಿಸ್ ಅವನನ್ನು ಒಳಗೆ ಕರೆದು ಚಹಾ ಕೊಟ್ಟಳು.

ಅವಳ ಕಷ್ಟವೆಲ್ಲ ಇರುವುದು ಈ ಚಹಾದಲ್ಲೇ. ಜ್ಯಾನಿಸ್‌ಗೆ ಅರವತ್ತೆರಡು ವಯಸ್ಸು. ಶಾಲೆಯ ಅಡುಗೆಮನೆಯಲ್ಲಿ ಒಂದಿಡೀ ತಲೆಮಾರಿಗೆ ಬಡಿಸಿ ನಿವೃತ್ತಳಾದವಳು. ಎದುರಿಗೆ ನಿಂತವರಿಗೆ ‘ಬೇಡ’ ಎನ್ನಲು ಬಾರದವಳು. ಅವಳ ಮನೆಯಲ್ಲಿ ಮೂರು ಧರ್ಮಪ್ರಚಾರ ಸಂಘಗಳ ಪತ್ರಿಕೆಗಳು ಬರುತ್ತವೆ, ಮೂರಕ್ಕೂ ಅವಳು ಚಂದಾದಾರಳು. ಬೀದಿದೀಪದ ಕಂಬಕ್ಕೆ ಭುಜ ತಗುಲಿ ‘ಸಾರಿ’ ಎಂದಿದ್ದನ್ನು ನಾನೇ ಕಂಡಿದ್ದೇನೆ. ನಾನು ಅವಳ ಎದುರು ಮನೆಯವನು, ಕಾಲೇಜಿನಲ್ಲಿ ಇತಿಹಾಸ ಹೇಳಿ ಮುಗಿಸಿ ಈಗ ಕಿಟಕಿಯಲ್ಲಿ ಅದನ್ನು ನೋಡುತ್ತಿರುವವನು.

ಜೀವನದಲ್ಲಿ ಜ್ಯಾನಿಸ್‌ಗೆ ಬೇಕಾಗಿದ್ದದ್ದು ಒಂದೇ ಒಂದು. ಕಣಿವೆಯ ಮೇಲ್ಗಡೆ, ಊರಿನ ಹವ್ಯಾಸಿಗಳು ಸೇರಿ ಉಳಿಸಿಕೊಂಡಿರುವ ಹಳೆಯ ಉಗಿಬಂಡಿಯ ದಾರಿಯಿದೆ. ಅದರ ಕೊನೆಯ ನಿಲ್ದಾಣದಲ್ಲಿ ಸ್ಟೇಷನ್ ಮಾಸ್ತರರ ಮನೆ, ಅದಕ್ಕಂಟಿಕೊಂಡು ಪುಟ್ಟ ಚಹಾದಂಗಡಿ. ಎರಡೂ ದೀರ್ಘ ಗುತ್ತಿಗೆಗೆ ಸಿಗುವಂತಿದ್ದವು. ಮೇ ಕೊನೆಗೆ ಬಂಡಿ ಓಡಲು ಶುರುವಾಗುವ ಮುಂಚೆ ಹಣ ಕಟ್ಟಿದರೆ ನಿನಗೇ ಎಂದು ಆ ಹವ್ಯಾಸಿಗಳ ಸಮಿತಿ ಅವಳಿಗೆ ಮಾತು ಕೊಟ್ಟಿತ್ತು. ಕಟ್ಟದಿದ್ದರೆ ಟ್ರೆವರ್ ಪಿಮ್‌ಗೆ. ಟ್ರೆವರ್ ಅಲ್ಲಿ ಆಟಿಕೆ ರೈಲುಗಳ ವಸ್ತುಸಂಗ್ರಹಾಲಯ ತೆರೆಯುವವನಿದ್ದ.

“ರೈಲ್ವೆ ಸ್ಟೇಷನ್ ಒಳಗೆ ಆಟಿಕೆ ರೈಲು!” ಎನ್ನುತ್ತಿದ್ದಳು ಜ್ಯಾನಿಸ್. “ಬಂದೋರಿಗೆ ಒಂದು ಲೋಟ ಚಹಾ ಇಲ್ಲ, ಒಂದು ತುಂಡು ಕೇಕ್ ಇಲ್ಲ. ಮಳೇಲಿ ನಿಂತು ಗಾಜಿನೊಳಗೆ ಇಣುಕಬೇಕಂತೆ.”

ಪ್ರತಿ ಭಾನುವಾರ ಅವಳು ಬೆಟ್ಟ ಹತ್ತಿ ಹೋಗಿ ಆ ಮುಚ್ಚಿದ ಚಹಾದಂಗಡಿಯ ಕಿಟಕಿ ಒರೆಸಿ ಬರುತ್ತಿದ್ದಳು. ಇನ್ನೂ ತನ್ನದಾಗದ ಕಿಟಕಿ ಒರೆಸುವುದು ಅತಿಕ್ರಮಣವಾದೀತೇನೋ ಎಂದು ಹೊರಗಡೆಯಿಂದ ಮಾತ್ರ.

ಆದರೆ ಆ ಹಣಕ್ಕಾಗಿ ಮಾರಬೇಕಿದ್ದ ಮನೆ ಹೋಗುತ್ತಿರಲಿಲ್ಲ. ಕಾರಣ ಅವಳ ತೀರಿಕೊಂಡ ಗಂಡ ರೇಮಂಡ್. ಪುಣ್ಯಾತ್ಮ ಬದುಕಿದ್ದಾಗ ಮುಂದಿನ ಕೋಣೆಯನ್ನೇ ಒಂದು ಪಬ್ ಮಾಡಿಬಿಟ್ಟಿದ್ದ. ಪಾನೀಯ ಬಡಿಸುವ ಕಟ್ಟೆ, ಎತ್ತರದ ಸ್ಟೂಲುಗಳು, ಬಾಣ ಎಸೆಯುವ ಫಲಕ, ಗೋಡೆಯ ತುಂಬ ಹಿತ್ತಾಳೆಯ ಕುದುರೆ ಲಾಳ, ಓಕ್ ಮರದಂತೆ ಬಣ್ಣ ಬಳಿದ ತಗ್ಗಿನ ತೊಲೆಗಳು, ‘ಒಣ ಬಾತುಕೋಳಿ’ ಎಂಬ ನಾಮಫಲಕ. ಮನೆ ನೋಡಲು ಬಂದವರು ಮೊದಲು ತೊಲೆಗೆ ತಲೆ ಬಡಿಸಿಕೊಳ್ಳುತ್ತಿದ್ದರು, ಆಮೇಲೆ ‘ಯೋಚನೆ ಮಾಡಿ ಹೇಳ್ತೀವಿ’ ಎನ್ನುತ್ತಿದ್ದರು. ಥ್ವೇಟ್ ಕಚೇರಿಯ ಕರಪತ್ರದಲ್ಲಿ ಇದನ್ನು ‘ವ್ಯಕ್ತಿತ್ವವುಳ್ಳ ಕೋಣೆ’ ಎಂದು ಬರೆಯಲಾಗಿತ್ತು. ವಾರಗಟ್ಟಲೆ ಯಾರೂ ಬರುತ್ತಿರಲಿಲ್ಲ. ಬಂದರೂ ನಮ್ಮ ಬೀದಿಯವರೇ, ಅವಳ ಬಚ್ಚಲು ಹೇಗಿದೆ ಎಂದು ನೋಡಲು. ಡಾಮಿನಿಕ್ ಮಾತ್ರ ತಪ್ಪದೆ ಬಂದು ಆ ಸ್ಟೂಲಿನ ಮೇಲೆ ಕೂತು, “ಮಾರ್ಕೆಟ್ ಸ್ವಲ್ಪ ನಿಧಾನ” ಎಂದು ಹೇಳಿ, ಎರಡನೆಯ ಲೋಟ ಚಹಾ ಕುಡಿದು ಹೋಗುತ್ತಿದ್ದ.

ನವೆಂಬರಿನ ಒಂದು ಮಧ್ಯಾಹ್ನ ಪಕ್ಕದ ಮನೆಯ ಪಾಲಿನ್ ಶಟಲ್‌ವರ್ತ್ ಒಪ್ಪಂದದ ಕಾಗದಗಳನ್ನು ‘ಒಣ ಬಾತುಕೋಳಿ’ಯ ಕಟ್ಟೆಯ ಮೇಲೆ ಹರಡಿಕೊಂಡು ಕನ್ನಡಕ ಏರಿಸಿದಳು. ಪಾಲಿನ್ ನಮ್ಮ ಊರಿನಲ್ಲಿ ಹುಟ್ಟಿದ್ದೇ ಒಂದು ಆಕಸ್ಮಿಕ. ಅವಳಿಗೆ ಅನ್ನಿಸಿದ್ದನ್ನು ಅವಳು ಹೇಳುತ್ತಾಳೆ.

“ಕೇಳಿಲ್ಲಿ. ‘ಮಾರುವ ಸಂಪೂರ್ಣ ಹಕ್ಕು ಏಜೆಂಟರೊಬ್ಬರದೇ.’ ಅಂದ್ರೇನು ಗೊತ್ತೇನೇ? ನಾಳೆ ನಿನ್ನ ಸ್ವಂತ ತಂಗಿ ಬಂದು ಮನೆ ತಗೊಂಡ್ರೂ ಇವನಿಗೆ ಕಮಿಷನ್ ಕಕ್ಕಬೇಕು. ದೇವರೇ ಬಂದು ತಗೊಂಡ್ರೂ ಕಕ್ಕಬೇಕು.”

“ದೇವರು ಯಾಕೆ ತಗೋತಾನೆ? ಬಚ್ಚಲು ಅಡುಗೆಮನೆ ಹಿಂದಿದೆ” ಎಂದಳು ಜ್ಯಾನಿಸ್.

“ಬೇರೆ ಏಜೆಂಟ್ ಹಿಡಿದರೆ?” ಎಂದೆ ನಾನು.

“ಹಿಡೀಲಿ ಸ್ವಾಮಿ, ಯಾರು ಬೇಡ ಅಂದ್ರು? ಆದ್ರೆ ಇವನನ್ನ ಬಿಡದೆ ಅವನನ್ನ ಹಿಡಿದ್ರೆ ಇಬ್ರಿಗೂ ಕೊಡ್ಬೇಕು. ಒಂದು ಮನೆ, ಎರಡು ಕಮಿಷನ್.”

ಜ್ಯಾನಿಸ್ ಮುಖ ಸಣ್ಣದಾಯಿತು. “ಎರಡು ಕೊಟ್ರೆ ಸ್ಟೇಷನ್‌ಗೆ ಸಾಲಲ್ಲ ಕಣೇ.”

“ಅದಕ್ಕೇ ಮೊದ್ಲು ಇವನನ್ನ ಬಿಡು. ಶುರುವಿನ ಕಡ್ಡಾಯ ಅವಧಿ ಮುಗಿದಿದೆ. ಈಗ ಬರವಣಿಗೇಲಿ ನೋಟಿಸ್ ಕೊಟ್ರೆ ಎರಡು ವಾರಕ್ಕೆ ಬಿಡುಗಡೆ. ಕೊಡದೇ ಇದ್ರೆ ಈ ಒಪ್ಪಂದ ತಾನಾಗೇ ಬೆಳೀತಾ ಹೋಗುತ್ತೆ, ನಿನ್ನ ಹಿತ್ತಲ ಬಳ್ಳಿ ಹಾಗೆ. ನೀನು ಸತ್ರೂ ಬೆಳೀತಿರುತ್ತೆ.”

“ಬರೆದು ಕೊಡೋದಾ? ಮುಖಕ್ಕೆ ಹೇಳ್ದೆ? ಅದು ಒರಟಾಗಲ್ವಾ?”

“ಹಾಗಾದ್ರೆ ಮೊದ್ಲು ಮುಖಕ್ಕೆ ಹೇಳು. ಅಭ್ಯಾಸ ಮಾಡ್ಕೋ. ನಾನೇ ಡಾಮಿನಿಕ್.” ಪಾಲಿನ್ ಛತ್ರಿ ಕಂಕುಳಿಗೆ ಸಿಕ್ಕಿಸಿಕೊಂಡು ಸ್ಟೂಲಿನ ಮೇಲೆ ಕೂತಳು. “ಹೂಂ, ಹೇಳು.”

“ಹಲೋ ಡಾಮಿನಿಕ್. ಅಮ್ಮನ ಸೊಂಟನೋವು ಹೇಗಿದೆ?”

“ಸೊಂಟದ ಮನೆ ಹಾಳಾಯ್ತು! ವಿಷಯಕ್ಕೆ ಬಾ.”

“ಡಾಮಿನಿಕ್ ಹಾಗೆಲ್ಲ ಮಾತಾಡಲ್ಲ.”

ಪಾಲಿನ್ ಹಲ್ಲು ಕಚ್ಚಿದಳು. “ಸೊಂಟ ಪರವಾಗಿಲ್ಲ ಮಿಸೆಸ್ ಆಕ್ರಾಯ್ಡ್. ತುಂಬಾ ಥ್ಯಾಂಕ್ಸ್. ಈಗ ಹೇಳಿ.”

“ಒಳ್ಳೇದಾಯ್ತಪ್ಪ. ಅಂದ್ಹಾಗೆ… ನೋಡಿ, ನಿಮ್ಮದೇನೂ ತಪ್ಪಿಲ್ಲ…”

“ತಪ್ಪಿದೆ! ಎಲ್ಲಾ ಅವನದೇ ತಪ್ಪು!”

“ಪಾಪ, ಅವನ ಮುಖ ನೋಡೇ” ಎಂದು ಜ್ಯಾನಿಸ್ ಪಾಲಿನ್‌ಳ ಮುಖ ನೋಡಿ ಕಣ್ಣಲ್ಲಿ ನೀರು ತಂದುಕೊಂಡಳು. ಪಾಲಿನ್‌ಳ ಮುಖ ನೋಡಿ ಯಾರಾದರೂ ಮರುಗಿದ್ದು ಅದೇ ಮೊದಲಿರಬೇಕು.

ಕೊನೆಗೆ ಜ್ಯಾನಿಸ್ ಧೈರ್ಯ ಮಾಡಿ ಥ್ವೇಟ್ ಕಚೇರಿಗೆ ಹೊರಟಳು. ಬರಿಗೈಯಲ್ಲಿ ಹೋಗಿ ಒಬ್ಬ ಮನುಷ್ಯನನ್ನು ಕೆಲಸದಿಂದ ತೆಗೆಯುವುದಾದರೂ ಹೇಗೆ? ಶುಂಠಿ ಬೆಲ್ಲದ ಪಾರ್ಕಿನ್ ಕೇಕ್ ಒಂದು ಡಬ್ಬಿ ತುಂಬ ಮಾಡಿಕೊಂಡು ಹೋದಳು. ನಾನೂ ಪಾಲಿನ್ನೂ ಗೇಟಿನ ಹತ್ತಿರ ಕಾದೆವು. ಅವಳು ಮರಳಿ ಬಂದಾಗ ಮುಖ ಅರಳಿತ್ತು.

“ಬಿಟ್ಟೆಯಾ?” ಎಂದಳು ಪಾಲಿನ್.

“ಅವರಮ್ಮ ಪಾರ್ಕಿನ್ ಮಾಡೋ ವಿಧಾನ ಕೇಳಿದ್ರು.”

“ಬಿಟ್ಟೆಯಾ ಅಂದೆ.”

“ಬುಧವಾರ ಬಂದು ಹೊಸ ಫೋಟೋ ತೆಗೀತಾರಂತೆ. ಬಾಣದ ಫಲಕ ಇನ್ನೂ ಚೆನ್ನಾಗಿ ಕಾಣೋ ಹಾಗೆ.”

ಪಾಲಿನ್ ಒಳಗೆ ಹೋಗಿ ತಾನಾಗಿಯೇ ತೊಲೆಗೆ ಹಣೆ ಚಚ್ಚಿಕೊಂಡಳು.

ಡಿಸೆಂಬರ್ ಬಂತು. ನಮ್ಮ ಊರಿನಲ್ಲಿ ಡಿಸೆಂಬರ್ ಎಂದರೆ ಕಾರ್ಡು. ಹಾಲಿನವನಿಗೆ, ಹಲ್ಲಿನ ವೈದ್ಯನಿಗೆ, ಇಪ್ಪತ್ತು ವರ್ಷದ ಹಿಂದೆ ಬೇಸಿಗೆ ರಜೆಯಲ್ಲಿ ಒಂದೇ ಮೇಜಿಗೆ ಕೂತು ಉಂಡವರಿಗೆ, ಎಲ್ಲರಿಗೂ ಕಾರ್ಡು ಹೋಗಬೇಕು. ಜಗಳವಾಡಿದವರಿಗೂ ಹೋಗಬೇಕು, ಇಲ್ಲದಿದ್ದರೆ ಜಗಳವಾಗಿದೆಯೆಂದು ಅವರಿಗೆ ತಿಳಿದುಬಿಡುತ್ತದೆ. ಜ್ಯಾನಿಸ್ ಕಾರ್ಡು ಬರೆಯುತ್ತಿದ್ದಾಗ ಅವಳಿಗೆ ದಾರಿ ಹೊಳೆಯಿತು.

“ನೋಟಿಸ್ ಬರವಣಿಗೇಲಿ ಇರಬೇಕು ಅಷ್ಟೇ ತಾನೆ? ಬರೀ ಬಿಳಿ ಹಾಳೇಲಿ ಕೊಟ್ರೆ ಕೋರ್ಟಿಂದ ಬಂದ ಹಾಗಿರುತ್ತೆ. ಕಾರ್ಡಲ್ಲೇ ಬರೆದುಬಿಡ್ತೀನಿ.”

“ಕಲ್ಲಲ್ಲಿ ಬೇಕಾದ್ರೂ ಕೆತ್ತು. ಇವತ್ತೇ ಬರೀ, ನಾನಿಲ್ಲೇ ನಿಂತಿರ್ತೀನಿ” ಎಂದಳು ಪಾಲಿನ್.

ಕಾರ್ಡಿನ ಮುಖದ ಮೇಲೆ ಹಿಮದಲ್ಲಿ ಗೇಟಿನ ಮೇಲೆ ಕೂತ ಕೆಂಪೆದೆಯ ರಾಬಿನ್ ಹಕ್ಕಿ. ಒಳಗೆ, ಎಲ್ಲರೂ ಬರೆಯುವಂತೆ, ಜ್ಯಾನಿಸ್ ಬಲಗಡೆಯ ಪುಟದಲ್ಲಿ ಶುರುಮಾಡಿದಳು. ಹಬ್ಬದ ಶುಭಾಶಯ, ವರ್ಷವಿಡೀ ಪಟ್ಟ ಶ್ರಮಕ್ಕೆ ಕೃತಜ್ಞತೆ, ಅಮ್ಮನ ಸೊಂಟಕ್ಕೆ ಹಾರೈಕೆ, ಹವಾಮಾನ, ಹೊಸ ಫೋಟೋಗಳ ಪ್ರಶಂಸೆ. ಅಷ್ಟರಲ್ಲಿ ಪುಟ ತುಂಬಿತು. ಕೊನೆಯ ಸಾಲಿನಲ್ಲಿ ‘ಇನ್ನೊಂದು ಮಾತು, ಹೇಳಲು ಬಹಳ ಸಂಕೋಚ’ ಎಂದು ಬರೆದು, ಉಳಿದದ್ದನ್ನು ಎಡಗಡೆಯ ಪುಟದಲ್ಲಿ, ಅಂದರೆ ರಾಬಿನ್ ಹಕ್ಕಿಯ ಬೆನ್ನಿಗೆ ಬರೆದಳು. ಪಾಲಿನ್ ಅಕ್ಷರ ಅಕ್ಷರ ಹೇಳಿಕೊಟ್ಟದ್ದು ಅದೊಂದೇ ವಾಕ್ಯ: ‘ನಮ್ಮ ಒಪ್ಪಂದಕ್ಕೆ ಇದು ಎರಡು ವಾರದ ನೋಟಿಸು.’ ಪಾಲಿನ್ ಸ್ವತಃ ಹೋಗಿ ಅದನ್ನು ಥ್ವೇಟ್ ಕಚೇರಿಯ ಬಾಗಿಲ ಸೀಳಿನಲ್ಲಿ ತುರುಕಿ ಬಂದಳು.

ಎರಡು ವಾರ ಕಳೆಯಿತು. ಹೊಸ ವರ್ಷ ಬಂತು. ಡಾಮಿನಿಕ್‌ನಿಂದ ಒಂದು ಮಾತಿಲ್ಲ.

“ಎಷ್ಟು ಘನತೆಯಿಂದ ತಗೊಂಡ ನೋಡು” ಎಂದಳು ಜ್ಯಾನಿಸ್, ಕಣ್ಣೊರೆಸಿಕೊಳ್ಳುತ್ತ. “ಒಂದು ಮುನಿಸಿಲ್ಲ, ಒಂದು ಜಗಳ ಇಲ್ಲ.”

“ಹಲಗೆ ಕಿತ್ಕೊಂಡು ಹೋಗು ಅಂತ ಹೇಳು.”

“ಕೆಲಸಾನೂ ಕಿತ್ಕೊಂಡು, ಆಮೇಲೆ ಹಲಗೇನೂ ಕಿತ್ಕೋ ಅನ್ನೋದಾ? ನಾನು ಅಷ್ಟು ಕಟುಕಳಾ?”

ಹಲಗೆ ಉಳಿಯಿತು. ಅದರ ಪಕ್ಕದಲ್ಲೇ ಜನವರಿ ಕೊನೆಗೆ ಇನ್ನೊಂದು ಹಲಗೆ ಎದ್ದಿತು. ಲೀಡ್ಸ್ ಪಟ್ಟಣದ ಏಜೆಂಟ್ ಬೆವರ್ಲಿ ಸ್ಟಬ್ಸ್‌ದು. ಹಳದಿ ಬಣ್ಣ, ಬಾಗಿಲಿನಷ್ಟು ದೊಡ್ಡದು. ಬೆವರ್ಲಿ ಎಲ್ಲರನ್ನೂ ‘ಬಂಗಾರ’ ಎನ್ನುತ್ತಿದ್ದಳು, ಯಾರ ಮನೆಯಲ್ಲೂ ಚಹಾ ಕುಡಿಯುತ್ತಿರಲಿಲ್ಲ.

“ಹಳೇ ಏಜೆಂಟ್‌ನ ಬಿಟ್ಟಾಯ್ತಾ ಬಂಗಾರ?”

“ಬರವಣಿಗೇಲಿ ಕೊಟ್ಟಿದೀನಿ.”

“ಭೇಷ್. ಈ ಪಬ್ಬನ್ನ ‘ವ್ಯಕ್ತಿತ್ವ’ ಗಿಕ್ತಿತ್ವ ಅನ್ನೋದು ಬೇಡ. ‘ಪಬ್ ಇರೋ ಮನೆ’ ಅಂತ ದೊಡ್ಡಕ್ಷರದಲ್ಲಿ ಹಾಕ್ತೀನಿ.”

ಮುಂದಿನದನ್ನು ಹೊರಗಿನವರು ನಂಬುವುದು ಕಷ್ಟ. ಡಾಮಿನಿಕ್ ಮುಂಚಿನ ಹಾಗೇ ಬರುತ್ತಿದ್ದ. ಹಳದಿ ಹಲಗೆಯನ್ನು ಕಂಡ. ದಿಟ್ಟಿಸಿ ನೋಡಿದ. ‘ಇದೇನು?’ ಎಂದು ಕೇಳುವುದು ಅಸಭ್ಯವಾದೀತೆಂದು ಸುಮ್ಮನಾದ. ಒಂದು ದಿನ ಗಾಳಿಗೆ ಎರಡೂ ವಾಲಿದಾಗ ಎರಡನ್ನೂ ನೆಟ್ಟಗೆ ಮಾಡಿ ಹೋದ. ಇತ್ತ ಜ್ಯಾನಿಸ್, ‘ನೀನಿನ್ನೂ ಯಾಕೆ ಬರ್ತೀಯಪ್ಪಾ?’ ಎಂದು ಕೇಳಲಾರಳು.

“ಪಾಪ, ಅಭ್ಯಾಸ ಬಿಡೋಕಾಗ್ತಿಲ್ಲ ಅನ್ಸುತ್ತೆ. ಬಂದು ಹೋಗಲಿ, ಏನಂತೆ” ಎಂದು ಅವಳು ನಮಗೆ ವಿವರಿಸಿದಳು. ಅವನು ಕರೆತಂದವರಿಗೂ ಮನೆ ತೋರಿಸಲು ಬಿಟ್ಟಳು. ಒಂದು ಶನಿವಾರ ಎರಡೂ ಕಡೆಯವರು ಒಟ್ಟಿಗೇ ಬಾಗಿಲಿಗೆ ಬಂದರು. “ನೀವು ಮೊದಲು”, “ಛೆ ಛೆ, ನೀವೇ ಮೊದಲು” ಎಂದು ಡಾಮಿನಿಕ್ ಬೆವರ್ಲಿಯ ಗಿರಾಕಿಗಳನ್ನು ಒಳಗೆ ಬಿಟ್ಟು, ತನ್ನವರನ್ನು ಮಳೆಯಲ್ಲಿ ನಿಲ್ಲಿಸಿಕೊಂಡ. ಅವರು ನೆನೆದು ಮನೆಗೆ ಹೋದರು.

ಫೆಬ್ರವರಿಯಲ್ಲಿ ಡಾಮಿನಿಕ್ ಒಂದು ಜೋಡಿಯನ್ನು ಕರೆತಂದ. ಗಂಡ ಅಗ್ನಿಶಾಮಕ ದಳದವನು, ಹೆಂಡತಿ ಹಲ್ಲಿನ ವೈದ್ಯೆ. ಗಂಡ ತೊಲೆಗೆ ತಲೆ ಬಡಿಸಿಕೊಂಡು ಗಹಗಹಿಸಿದ, ಕಟ್ಟೆಯ ಹಿಂದೆ ಹೋಗಿ ನಿಂತು ಹೆಂಡತಿಗೆ “ಏನು ಕುಡೀತೀರಾ ಮೇಡಂ?” ಎಂದ. ಬೇರೆ ಯಾರೇ ಆಗಲಿ ಅಲ್ಲೇ ಬೆಲೆಯ ಮಾತೆತ್ತುತ್ತಿದ್ದರು. ಅವರ ಸಂತೋಷದ ನಡುವೆ ಹಣದ ಮಾತು ತರುವುದು ಡಾಮಿನಿಕ್‌ಗೆ ಸರಿಕಾಣಲಿಲ್ಲ. ಅವರು ಮನೆಗೆ ಹೋಗಿ ಇದೇ ಪಬ್ಬನ್ನು ಬೆವರ್ಲಿಯ ಜಾಹೀರಾತಿನಲ್ಲಿ ಕಂಡು, ಮುಂದಿನ ವಾರ ಅವಳ ಜೊತೆ ಬಂದರು. ಅವರ ಕಾರು ಬೀದಿಯ ತಿರುವು ದಾಟುವಷ್ಟರಲ್ಲಿ ಬೆವರ್ಲಿ ಅವರಿಂದ ಬೆಲೆ ಹೇಳಿಸಿಯಾಗಿತ್ತು. ಜ್ಯಾನಿಸ್ ಒಪ್ಪಿದಳು. ಒಪ್ಪಿದ್ದಕ್ಕೆ ಅವರ ಕ್ಷಮೆಯನ್ನೂ ಕೇಳಿದಳು.

ಆ ದಿನ ನಮ್ಮ ಬೀದಿ ಕುಣಿಯಿತು ಎಂದರೆ ಉತ್ಪ್ರೇಕ್ಷೆಯಾದೀತು. ಆದರೆ ಹಲವರು ಪರದೆ ಪೂರ್ತಿ ಸರಿಸಿದರು. ‘ಒಣ ಬಾತುಕೋಳಿ’ಯಲ್ಲಿ ಗಂಟೆ ಬಾರಿಸಿ ಶೆರ್ರಿ ವೈನ್ ಹಂಚಲಾಯಿತು. ಪಾಲಿನ್ ಎರಡು ಗುಟುಕಿಗೇ ಸ್ಟೂಲು ಹತ್ತಿ, “ಟ್ರೆವರ್ ಪಿಮ್, ನಿನ್ನ ಆಟಿಕೆ ರೈಲು ಹಳಿ ತಪ್ಪಿತು ಕಣೋ!” ಎಂದು ಘೋಷಿಸಿ ತೊಲೆಗೆ ತಲೆ ಬಡಿಸಿಕೊಂಡಳು.

ಬಾಗಿಲು ತಟ್ಟಿದ ಸದ್ದಾಯಿತು. ಡಾಮಿನಿಕ್, ಕೈಯಲ್ಲಿ ಡ್ಯಾಫಡಿಲ್ ಹೂಗಳ ಗೊಂಚಲು.

“ಅಭಿನಂದನೆ ಮಿಸೆಸ್ ಆಕ್ರಾಯ್ಡ್! ನಮ್ಮ ಜೋಡಿ ಕೊನೆಗೂ ಒಪ್ಪಿಬಿಟ್ರಂತಲ್ಲ! ನಾನು ಅವತ್ತೇ ಅಂದ್ಕೊಂಡೆ. ಬೆವರ್ಲಿ ಮೇಡಂ ಕೂಡ ಎಷ್ಟೊಂದು ಸಹಾಯ ಮಾಡಿದ್ರು, ಅವರಿಗೆ ನನ್ನ ಥ್ಯಾಂಕ್ಸ್ ಹೇಳಿ. ಹಾಂ, ಇದು… ಅಮ್ಮ ಕೊಟ್ಟುಕಳಿಸಿದ್ದು. ಅವಸರ ಇಲ್ಲ. ತುಂಬಾ ಸಾರಿ.”

ಲಕೋಟೆಯಲ್ಲಿ ಕಮಿಷನ್ನಿನ ಬಿಲ್ಲು ಇತ್ತು.

ಜ್ಯಾನಿಸ್ ಅದನ್ನು ನೋಡಿ, ಹೂಗಳನ್ನು ನೋಡಿ, “ಎಷ್ಟು ಚೆನ್ನಾಗಿವೆ” ಎಂದಳು. ಅವನು ಹೋದ ಮೇಲೆ ಸ್ಟೂಲಿನ ಮೇಲೆ ಕುಸಿದಳು. ಇಬ್ಬರಿಗೂ ಕೊಟ್ಟರೆ ಸ್ಟೇಷನ್ ಮನೆ ಟ್ರೆವರ್‌ದು.

“ನೋಟಿಸ್ ಕೊಟ್ಟಿದೀಯಲ್ಲೇ!” ಎಂದು ಪಾಲಿನ್ ಚೀರಿದಳು. “ಒಪ್ಪಂದ ಡಿಸೆಂಬರ್‌ಗೇ ಸತ್ತುಹೋಯ್ತು. ಈ ಜೋಡಿ ಬಂದಿದ್ದು ಫೆಬ್ರವರೀಲಿ. ಒಂದು ಬಿಡಿಗಾಸೂ ಕೊಡೋ ಹಾಗಿಲ್ಲ. ನಡಿ ಅವನ ಆಫೀಸಿಗೆ. ಮೇಷ್ಟ್ರೇ, ನೀವೂ ಬನ್ನಿ, ಸಾಕ್ಷಿಗೆ. ಓದಿದ ಮುಖ ಒಂದಿರಲಿ.”

ಥ್ವೇಟ್ ಕಚೇರಿಯಲ್ಲಿ ಡಾಮಿನಿಕ್ ಜೊತೆ ಅವನ ತಾಯಿ ಮ್ಯುರಿಯಲ್ ಥ್ವೇಟ್ ಇದ್ದರು. ಕೂದಲು ಉಕ್ಕಿನ ಬಣ್ಣ, ಬೆನ್ನೂ ಹಾಗೇ. ಕಚೇರಿ ಮಗನ ಹೆಸರಿನಲ್ಲಿತ್ತು, ಬೀಗದ ಕೈ ಅವರ ಕೊರಳಲ್ಲಿತ್ತು.

“ನೋಟಿಸಾ? ನಮಗೆ ಯಾವ ನೋಟಿಸೂ ಬಂದಿಲ್ವಲ್ಲ” ಎಂದ ಡಾಮಿನಿಕ್.

“ಕ್ರಿಸ್‌ಮಸ್ ಕಾರ್ಡು” ಎಂದಳು ಜ್ಯಾನಿಸ್, ಕೇಳಿಸದಷ್ಟು ಮೆಲ್ಲಗೆ.

“ಓ, ಕಾರ್ಡ್ ಬಂತು! ಎಷ್ಟು ಚೆನ್ನಾಗಿ ಬರೆದಿದ್ರಿ. ಎರಡು ಸಲ ಓದ್ದೆ. ಕೊನೇಲಿ ‘ಹೇಳಲು ಬಹಳ ಸಂಕೋಚ’ ಅಂತಿತ್ತು.”

“ಅದಾದ್ಮೇಲೆ?” ಎಂದಳು ಪಾಲಿನ್.

“ಅದಾದ್ಮೇಲೆ ಏನು? ನೀವು ಯಾವಾಗ್ಲೂ ಹಾಗೇ ಮುಗಿಸ್ತೀರಲ್ಲ ಮಿಸೆಸ್ ಆಕ್ರಾಯ್ಡ್, ಅದಕ್ಕೇ ಮುಗೀತು ಅಂದ್ಕೊಂಡೆ.”

“ಎಡಗಡೆ ಪುಟ ನೋಡಲಿಲ್ವೇನೋ, ಪೆದ್ದಪ್ಪ!”

“ಎಡಗಡೆ ಯಾರು ಬರೀತಾರೆ?” ಡಾಮಿನಿಕ್ ನಿಜವಾಗಿಯೂ ಬೆರಗಾಗಿದ್ದ. ನ್ಯಾಯವಾಗಿ ಹೇಳಬೇಕೆಂದರೆ ಅವನ ಮಾತು ಸರಿ. ಎಡಗಡೆ ಯಾರೂ ಬರೆಯುವುದಿಲ್ಲ.

“ಆ ಕಾರ್ಡ್ ಎಲ್ಲಿ?” ಎಂದೆ ನಾನು.

ಮ್ಯುರಿಯಲ್ ಥ್ವೇಟ್ ಗಂಟಲು ಸರಿಮಾಡಿಕೊಂಡರು. “ಕತ್ತರಿಸಿಯಾಯ್ತು.”

ಯಾರೂ ಆಶ್ಚರ್ಯಪಡಲಿಲ್ಲ. ಹಬ್ಬ ಮುಗಿದ ಮೇಲೆ ಕಾರ್ಡುಗಳ ಚಿತ್ರದ ಮಗ್ಗುಲನ್ನು ಕತ್ತರಿಸಿ, ತೂತು ಹಾಕಿ, ದಾರ ಕಟ್ಟಿ, ಮುಂದಿನ ವರ್ಷದ ಉಡುಗೊರೆಗಳಿಗೆ ಹೆಸರುಚೀಟಿ ಮಾಡಿಟ್ಟುಕೊಳ್ಳುವುದು ನಮ್ಮಲ್ಲಿ ಮರ್ಯಾದಸ್ಥರ ಲಕ್ಷಣ. ಬರೆದ ಮಗ್ಗುಲು ಕಸಕ್ಕೆ ಹೋಗುತ್ತದೆ. ಮ್ಯುರಿಯಲ್ ಒಳಗಿನಿಂದ ಬಿಸ್ಕತ್ತಿನ ಡಬ್ಬಿಯೊಂದನ್ನು ತಂದು ಮೇಜಿನ ಮೇಲೆ ಸುರಿದರು. ಊರಿಗೆ ಊರೇ ಕಳಿಸಿದ ಶುಭಾಶಯಗಳ ಚೂರುಗಳು. ಬಾಲಯೇಸುವನ್ನು ನೋಡಲು ಹೊರಟ ಜ್ಞಾನಿಗಳ ಅರ್ಧ ಒಂಟೆ, ದೇವದೂತನ ಒಂದು ರೆಕ್ಕೆ, ಲೆಕ್ಕವಿಲ್ಲದಷ್ಟು ಹಿಮ.

“ರಾಬಿನ್ ಹಕ್ಕಿ ಹುಡುಕಿ!” ಎಂದು ಪಾಲಿನ್ ಅಪ್ಪಣೆ ಕೊಡಿಸಿದಳು.

ಎಲ್ಲರೂ ಮೇಜಿಗೆ ಬಗ್ಗಿದೆವು. ಆ ವರ್ಷ ಕ್ರಿಂಬಲ್‌ಡೇಲ್‌ನ ಅರ್ಧ ಜನ ರಾಬಿನ್ ಹಕ್ಕಿಯನ್ನೇ ಕಳಿಸಿದ್ದರು.

“ಇಲ್ಲೊಂದು ಎದೆ!” ಎಂದ ಡಾಮಿನಿಕ್, ತನ್ನ ವಿರುದ್ಧದ ಸಾಕ್ಷ್ಯವನ್ನು ಎಲ್ಲರಿಗಿಂತ ಉತ್ಸಾಹದಿಂದ ಹುಡುಕುತ್ತ.

“ಅದು ಪಾದ್ರಿಗಳು ಕಳಿಸಿದ್ದು, ಈ ಕಡೆ ಇಡು” ಎಂದರು ಮ್ಯುರಿಯಲ್.

“ಈ ಬಾಲ ಯಾರದ್ದು?”

“ಬಾಲ ತಿರುಗಿಸೋ! ಹಿಂದೆ ಏನಿದೆ?”

“‘ನೋಟಿ’ ಅಂತಿದೆ.”

“‘ಸು’ ಎಲ್ಲಿ? ‘ಸು’ ಹುಡುಕಿ!”

‘ಸು’ ಗೇಟಿನ ಬೆನ್ನಿಗೆ ಸಿಕ್ಕಿತು. ‘ಎರಡು ವಾರದ’ ಎಂಬುದು ಹಿಮದಲ್ಲಿ ಹೂತಿತ್ತು. ‘ಒಪ್ಪಂದ’ ಎಂಬುದರ ನಟ್ಟನಡುವೆ ಮ್ಯುರಿಯಲ್ ದಾರಕ್ಕೆಂದು ತೂತು ಹೊಡೆದು ಕೆಂಪು ರಿಬ್ಬನ್ ಕಟ್ಟಿದ್ದರು. ಜೋಡಿಸಿದ ಮೇಲೆ ಜ್ಯಾನಿಸ್‌ಳ ದುಂಡನೆಯ ಕೈಬರಹದಲ್ಲಿ ಆ ವಾಕ್ಯ ಎದ್ದು ನಿಂತಿತು. ಬಲಗಡೆಯ ಪುಟ ಕಸದ ಗಾಡಿಯಲ್ಲಿ ಎಂದೋ ಹೋಗಿತ್ತು. ಅವಳು ಬರೆದ ಸೌಜನ್ಯವೆಲ್ಲ ನಾಶವಾಗಿ ನೋಟಿಸು ಮಾತ್ರ ಉಳಿದಿತ್ತು.

ಮ್ಯುರಿಯಲ್ ಕನ್ನಡಕ ಹಾಕಿಕೊಂಡು ಓದಿದರು. ತೆಗೆದರು. “ಬರವಣಿಗೇಲಿ ಕೊಟ್ಟಿದಾರೆ. ನಮ್ಮನೇಲೇ ಇತ್ತು. ಮುಗೀತು.”

ಡಾಮಿನಿಕ್ ನಿಧಾನವಾಗಿ ಕೂತ. “ಹಾಗಾದ್ರೆ… ಹೊಸ ವರ್ಷದಿಂದ ನಾನು… ಸುಮ್ಮನೆ ಬರ್ತಿದ್ನಾ?”

“ಹೂಂ ಕಣಪ್ಪ” ಎಂದಳು ಪಾಲಿನ್. “ಚಹಾ ಕುಡಿಯೋಕೆ.”

ಅವನ ಮುಖ ಪಾಲಿನ್ ನಟಿಸಿ ತೋರಿಸಿದ್ದಕ್ಕಿಂತಲೂ ದಯನೀಯವಾಗಿತ್ತು. ಜ್ಯಾನಿಸ್‌ಗೆ ತಡೆಯಲಾಗಲಿಲ್ಲ. “ಇಲ್ಲ ಇಲ್ಲ, ಹಾಗಂದ್ರೆ ಹೇಗೆ? ಮಳೇಲಿ ಎಷ್ಟು ಸಲ ಬಂದಿದೀರಿ. ಅರ್ಧ ಆದ್ರೂ ಕೊಡ್ತೀನಿ.”

“ಜ್ಯಾನಿಸ್!” ಎಂದು ಪಾಲಿನ್ ಅವಳ ಕಾಲು ತುಳಿದಳು. ಜ್ಯಾನಿಸ್ “ಸಾರಿ” ಎಂದಳು.

“ಛೆ, ಬೇಡ ಮಿಸೆಸ್ ಆಕ್ರಾಯ್ಡ್” ಎಂದ ಡಾಮಿನಿಕ್.

“ಇಲ್ಲ, ತಗೋಬೇಕು.”

“ಬೇಡ ಅಂದ್ರೆ ಬೇಡ.”

“ನನ್ನ ಸಮಾಧಾನಕ್ಕಾದ್ರೂ.”

ಮೂರನೆಯ ಸಲದ ಒತ್ತಾಯಕ್ಕೆ ಒಪ್ಪದಿದ್ದರೆ ಅವಮಾನ ಮಾಡಿದಂತೆ. ಇದು ಅವಳಿಗೂ ಗೊತ್ತು, ಅವನಿಗೂ ಗೊತ್ತು. “ನೀವು ಅಷ್ಟು ಹೇಳ್ತೀರಿ ಅಂದ್ಮೇಲೆ…” ಎಂದ ಡಾಮಿನಿಕ್.

ಅರ್ಧ ಕೊಟ್ಟರೂ ಸ್ಟೇಷನ್‌ಗೆ ಸಾಲುತ್ತಿರಲಿಲ್ಲ. ಜ್ಯಾನಿಸ್ ಅದನ್ನು ಈಗ ಲೆಕ್ಕ ಹಾಕುತ್ತಿದ್ದದ್ದು ಅವಳ ತುಟಿಯಲ್ಲೇ ಕಾಣುತ್ತಿತ್ತು. ಅವಳ ಕಣ್ಣು ತುಂಬಿದ್ದನ್ನು ಡಾಮಿನಿಕ್ ಕಂಡ.

“ನೀವೇನೂ ಚಿಂತೆ ಮಾಡ್ಬೇಡಿ” ಎಂದು ಅವನು ಖಾನೆ ಎಳೆದ. “ಸ್ಟೇಷನ್ ಮನೆ ಈ ಸಲ ಹೋದ್ರೆ ಹೋಗಲಿ. ಆ ಜೋಡೀಗೆ ಬೇಡ ಅಂತ ನಾನೇ ಹೇಳ್ತೀನಿ, ತುಂಬಾ ನಯವಾಗಿ. ನೀವು ಆರಾಮಾಗಿ ಮನೇಲೇ ಇರಿ, ನಾವು ಹೊಸದಾಗಿ ಮತ್ತೆ ಮಾರಾಟಕ್ಕೆ ಹಾಕೋಣ. ನಾನು ಪ್ರತಿ ವಾರ ಬರ್ತೀನಿ.” ಮೂರು ಹಾಳೆಯ ಹೊಸ ಒಪ್ಪಂದವನ್ನು ಅವಳ ಮುಂದಿಟ್ಟು, ಪೆನ್ನಿನ ಮುಚ್ಚಳ ತೆಗೆದು, ಹಿಡಿ ಅವಳ ಕಡೆ ತಿರುಗಿಸಿ ಹಿಡಿದ.

ಜ್ಯಾನಿಸ್ ಪೆನ್ನು ನೋಡಿದಳು. ಮೂರು ಹಾಳೆ ನೋಡಿದಳು. ಪ್ರತಿ ವಾರ, ಎಂದು ತುಟಿಯಲ್ಲೇ ಅಂದುಕೊಂಡಳು. ನಾನು ಅವಳನ್ನು ಬಹಳ ವರ್ಷಗಳಿಂದ ಬಲ್ಲೆ. ಆ ಕೈ ಪೆನ್ನಿನ ಕಡೆ ಹೊರಟದ್ದನ್ನು ಕಂಡೆ, ಪಾಲಿನ್ ಕಣ್ಣು ಮುಚ್ಚಿಕೊಂಡದ್ದನ್ನೂ ಕಂಡೆ.

ಕೈ ನಡುದಾರಿಯಲ್ಲಿ ನಿಂತಿತು.

“ಸಾರಿ” ಎಂದಳು ಜ್ಯಾನಿಸ್. “ತುಂಬಾ ಸಾರಿ ಡಾಮಿನಿಕ್. ನಿಮ್ಮ ಮನಸ್ಸು ನೋಯಿಸೋದು ನನಗೆ… ಸಾರಿ. ಅಮ್ಮನ ಮುಂದೆ ಬೇರೆ, ಸಾರಿ ಮ್ಯುರಿಯಲ್. ಅರ್ಧಾನೂ ಕೊಡಲ್ಲ. ಸಹಿನೂ ಹಾಕಲ್ಲ. ದಯವಿಟ್ಟು ಕ್ಷಮಿಸಿ. ಹಲಗೇನೂ ತಗೊಂಡು ಹೋಗಿ. ಸಾರಿ.”

ಹೇಳಿದವಳೇ ಬಾಯಿಗೆ ಕೈ ಅಡ್ಡ ಹಿಡಿದಳು. ಚಾವಣಿ ಕುಸಿಯುತ್ತದೇನೋ ಎಂದು ಮೇಲೆ ನೋಡಿದಳು. ಏನೂ ಕುಸಿಯಲಿಲ್ಲ. ಒಂದು ನಗು ಅವಳ ಹೊಟ್ಟೆಯಲ್ಲೆಲ್ಲೋ ಹುಟ್ಟಿ, ಕೈಯ ಸಂದಿಯಿಂದ ಬಿಕ್ಕಳಿಕೆಯಂತೆ ಹೊರಬಿತ್ತು. ಪಾಲಿನ್‌ಗೂ ಹತ್ತಿಕೊಂಡಿತು. ಆಮೇಲೆ ನನಗೆ. ಕೊನೆಗೆ ಕಾರಣ ತಿಳಿಯದೆ, ಎಲ್ಲರೂ ನಗುವಾಗ ತಾನು ನಗದಿದ್ದರೆ ಒರಟಾದೀತೆಂದು, ಡಾಮಿನಿಕ್ ಕೂಡ ನಗತೊಡಗಿದ. ನಿಲ್ಲಿಸಲಾಗದೆ ಅವನು ಚೀಟಿಗಳ ರಾಶಿಯ ಮೇಲೆ ತಲೆಯಿಟ್ಟ. ಏಳುವಾಗ ಅವನ ಹಣೆಗೆ ಒಂಟೆಯ ಚೂರೊಂದು ಅಂಟಿತ್ತು.

“ಈ ಹುಡುಗ ಅವರಪ್ಪನ ಹಾಗೇ” ಎಂದು ಮ್ಯುರಿಯಲ್ ಒಂಟೆಯನ್ನು ಕಿತ್ತು ಡಬ್ಬಿಗೆ ಹಾಕಿದರು. “ಹೋಗು, ಸುತ್ತಿಗೆ ತಗೊಂಡು ಹಲಗೆ ಕಿತ್ಕೊಂಡು ಬಾ. ದಾರೀಲಿ ಎಲ್ಲೂ ಚಹಾ ಕುಡೀಬೇಡ.”

ಮನೆ ಮಾರಾಟದ ಕಾಗದಪತ್ರವೆಲ್ಲ ಮೇ ತಿಂಗಳ ಮೂರನೆಯ ವಾರ ಮುಗಿಯಿತು. ಕಮಿಷನ್ ಬೆವರ್ಲಿ ಸ್ಟಬ್ಸ್‌ಗೆ ಸಂದಿತು. ಸ್ಟೇಷನ್ ಮನೆಯ ಗುತ್ತಿಗೆ ಜ್ಯಾನಿಸ್ ಆಕ್ರಾಯ್ಡ್ ಹೆಸರಿಗೆ ಆಯಿತು.